ಇನ್ನೊಂದು ಬಗೆಯ ವಿಜ್ಞಾನ ಪರೀಕ್ಷೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣ ಕಾಯ್ದೆಗೆ 1997ರಲ್ಲಿ ಆದ ತಿದ್ದುಪಡಿಯು, ಸಾಮಾನ್ಯ ಪರೀಕ್ಷೆ ಬರೆಯಲಾಗದ ಮಕ್ಕಳಿಗೆ ಪರ್ಯಾಯ ಮೌಲ್ಯಮಾಪನವನ್ನು 2000ದ ಜುಲೈ ಹೊತ್ತಿಗೆ ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಕಟ್ಟುಮಾಡಿತು. 2007–08ರಿಂದ ವಿಜ್ಞಾನವೂ ಇದಕ್ಕೆ ಸೇರಿತು. ತೀವ್ರ ಬೌದ್ಧಿಕ ಅಂಗವೈಕಲ್ಯವುಳ್ಳ ಮಗುವಿಗೆ ವಿಜ್ಞಾನವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಸರಳ: ಪರೀಕ್ಷೆಯಿಂದ ಬಿಟ್ಟುಹೋದ ವಿಷಯ ಕ್ರಮೇಣ ಪಾಠದಿಂದಲೂ ಬಿಟ್ಟುಹೋಗುತ್ತದೆ.

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದ ಮಾರ್ಪಾಡುಗಳನ್ನು ಹೆಸರಿಸುತ್ತದೆ. ಇಂಥ ನೆರವಿನಿಂದ ಉತ್ತರಿಸುವ ದಾರಿ ಸುಗಮವಾಗುತ್ತದೆಯೇ ಹೊರತು ಪ್ರಶ್ನೆ ಬದಲಾಗುವುದಿಲ್ಲ. ಪರ್ಯಾಯ ಮೌಲ್ಯಮಾಪನದಲ್ಲಿ ಬದಲಾಗುವುದು ಪ್ರಶ್ನೆಯ ಆಳ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು ಅಲ್ಲಿನ ಹಲವು ರಾಜ್ಯಗಳಲ್ಲಿ ಬಳಕೆಯಲ್ಲಿರುವ ‘ಡೈನಾಮಿಕ್ ಲರ್ನಿಂಗ್ ಮ್ಯಾಪ್ಸ್’ ಎಂಬ ಪರ್ಯಾಯ ಪರೀಕ್ಷಾ ವ್ಯವಸ್ಥೆಯಲ್ಲಿ ವಿಜ್ಞಾನದ ಪ್ರತಿ ಕಲಿಕಾಂಶಕ್ಕೂ ಮೂರು ಹಂತಗಳಿವೆ. ಐದನೆಯ ತರಗತಿಯ ಒಂದು ಅಂಶವನ್ನೇ ನೋಡೋಣ. ಗಿಡ ಬೆಳೆಯಲು ಗಾಳಿ, ನೀರು ಬೇಕೆಂಬುದಕ್ಕೆ ಆಧಾರ ತೋರಿಸುವುದು ಮೇಲಿನ ಹಂತ. ಗಿಡ ಬೆಳೆಯುತ್ತದೆ ಎಂಬುದಕ್ಕೆ ಆಧಾರ ತೋರಿಸುವುದು ನಡುವಿನದು. ಬೆಳೆಯುವ ವಸ್ತುವನ್ನು ಬೆಳೆಯದ ವಸ್ತುವಿನಿಂದ ಬೇರ್ಪಡಿಸುವುದು ಮೊದಲನೆಯದು. ಮೊದಲ ಹಂತ ತೀರಾ ಹಗುರವೆಂದು ಕೆಲವರಿಗೆ ತೋರಬಹುದು. ಆದರೆ ನೋಡಿ, ಹೋಲಿಸಿ, ವಿಂಗಡಿಸುವುದು ವಿಜ್ಞಾನವಲ್ಲವೆಂದರೆ ಸಸ್ಯಶಾಸ್ತ್ರದ ಬಹುಪಾಲನ್ನೇ ಕೈಬಿಡಬೇಕಾದೀತು.

ಪ್ರಶ್ನೆಗಳು ಸಣ್ಣ ಸಣ್ಣ ಗುಚ್ಛಗಳಾಗಿ ಬರುತ್ತವೆ. ಮಾತನಾಡಲಾಗದ ಮಗು ಚಿತ್ರವನ್ನು ಮುಟ್ಟಿ, ಗುಂಡಿಯನ್ನು ಒತ್ತಿ, ಇಲ್ಲವೇ ದೃಷ್ಟಿ ನೆಟ್ಟು ಉತ್ತರಿಸಬಹುದು. ಕಷ್ಟವಿರುವುದೂ ಇಲ್ಲಿಯೇ. ಪರೀಕ್ಷೆ ನಡೆಸುವವರು ಸಾಮಾನ್ಯವಾಗಿ ಪಾಠ ಹೇಳಿದ ಶಿಕ್ಷಕರೇ ಆದ್ದರಿಂದ, ಅವರ ದನಿಯ ಏರಿಳಿತವಾಗಲಿ, ಸರಿಯಾದ ಚಿತ್ರದ ಮೇಲೆ ತುಸು ಹೊತ್ತು ನಿಂತ ಅವರ ನೋಟವಾಗಲಿ ಉತ್ತರವನ್ನು ಬಿಟ್ಟುಕೊಡಬಲ್ಲದು. ಹಾಗೆ ಬಂದ ಅಂಕ ಮಗುವಿನದೋ ಶಿಕ್ಷಕರದೋ ಎಂದು ಹೇಳಲಾಗದು. ಆದಕಾರಣ ಪ್ರಶ್ನೆಗಳ ರಚನೆಯಷ್ಟೇ ಗಮನವನ್ನು ಪರೀಕ್ಷೆ ನಡೆಸುವವರ ತರಬೇತಿಗೂ ಕೊಡಬೇಕು.

ಇನ್ನು, ಕಷ್ಟಪಟ್ಟು ಕಲಿಸಬೇಕಾದ ಮಕ್ಕಳನ್ನೆಲ್ಲ ಪರ್ಯಾಯ ಪರೀಕ್ಷೆಯತ್ತ ತಳ್ಳುವ ಅಪಾಯವೂ ಉಂಟು. ಅಮೆರಿಕದ 2015ರ ಶಿಕ್ಷಣ ಕಾಯ್ದೆಯು, ಒಂದು ವಿಷಯದಲ್ಲಿ ಪರೀಕ್ಷೆಗೆ ಒಳಪಟ್ಟ ರಾಜ್ಯದ ಒಟ್ಟು ಮಕ್ಕಳಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಮಂದಿ ಪರ್ಯಾಯ ಪರೀಕ್ಷೆಗೆ ಹೋಗಬಾರದೆಂದು ಮಿತಿ ಹಾಕಿದೆ. ಈ ಆಯ್ಕೆಯಿಂದ ಸಾಮಾನ್ಯ ಹೈಸ್ಕೂಲು ಡಿಪ್ಲೊಮಾ, ಅಂದರೆ ಶಾಲೆ ಮುಗಿಸಿದ್ದಕ್ಕೆ ಸಿಗುವ ಪ್ರಮಾಣಪತ್ರ, ತಡವಾಗಬಹುದು ಅಥವಾ ಬೇರೆ ರೀತಿಯಲ್ಲಿ ಬಾಧಿತವಾಗಬಹುದೆಂಬುದನ್ನು ತಂದೆತಾಯಿಗಳಿಗೆ ತಿಳಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಮಗು ಹೈಸ್ಕೂಲಿಗೆ ಬಂದ ಮೇಲೆ ಆ ಮಾತನ್ನು ತಿಳಿಸಿದರೆ ತಂದೆತಾಯಿಗಳಿಗೆ ಆಯ್ಕೆ ಉಳಿದಿರುವುದಿಲ್ಲ. ಪ್ರಾಥಮಿಕ ತರಗತಿಯಲ್ಲಿ, ಮೊದಲ ಸಲ ಒಪ್ಪಿಗೆ ಕೇಳುವಾಗಲೇ ಅದನ್ನು ಬಿಡಿಸಿ ಹೇಳಬೇಕು.

ನಮಸ್ಕಾರ.