ಆ 145 ಡಾಲರ್ ನನ್ನ ದುಡ್ಡಲ್ಲ

ನಮಸ್ಕಾರ. ಇವತ್ತು ಕ್ಯಾಮೆರಾ, ಲೆನ್ಸ್ ಮಾತು ಬೇಡ. ಅಮೆರಿಕದಲ್ಲಿ ಫೋಟೋ ತೆಗೆದೇ ಸಂಪಾದನೆ ಮಾಡುವ ನಮ್ಮವರ ಹತ್ತಿರ ಸೇಲ್ಸ್ ಟ್ಯಾಕ್ಸ್ ಬಗ್ಗೆ ಮಾತಾಡಬೇಕು. "ಏಪ್ರಿಲ್‌ನಲ್ಲಿ ಇನ್‌ಕಮ್ ಟ್ಯಾಕ್ಸ್ ಜೊತೆ ನೋಡಿಕೊಂಡರಾಯ್ತು" ಅಂತ ನಾನೂ ಅಂದುಕೊಂಡಿದ್ದೆ. ಅದೇ ಬೇರೆ, ಇದೇ ಬೇರೆ.

ನನ್ನ ಕಣ್ಣು ತೆರೆಸಿದ್ದು ಒಂದು ಪೆನ್ ಡ್ರೈವ್. ಕ್ಯಾಲಿಫೋರ್ನಿಯಾದಲ್ಲಿ ಒಂದು ಮದುವೆ, 2,000 ಡಾಲರ್‌ಗೆ ಒಪ್ಪಿಕೊಂಡಿದ್ದೆ. ಫೋಟೋಗಳನ್ನು ಲಿಂಕ್‌ನಲ್ಲಿ ಕಳಿಸುವ ಮಾತಾಗಿತ್ತು. ಆದರೆ ಆ ಮನೆಯವರು ಅಷ್ಟು ಚೆನ್ನಾಗಿ ನೋಡಿಕೊಂಡಿದ್ದರು ನೋಡಿ, ಸುಮ್ನೆ ಲಿಂಕ್ ಕಳಿಸೋಕೆ ಮನಸ್ಸು ಬರಲಿಲ್ಲ. ಒಂದು ಪುಟ್ಟ ಮರದ ಡಬ್ಬಿ ತಂದೆ, ಒಳಗೆ ಪೆನ್ ಡ್ರೈವ್ ಇಟ್ಟೆ, ಕೆಂಪು ರಿಬ್ಬನ್ ಕಟ್ಟಿ ಕೊಟ್ಟೆ.

ಅಲ್ಲಿನ ನಿಯಮ ಏನು ಗೊತ್ತಾ? ಫೈಲ್ ಬರೀ ಇಂಟರ್‌ನೆಟ್ ಮೂಲಕ ಹೋದರೆ ಸೇಲ್ಸ್ ಟ್ಯಾಕ್ಸ್ ಇಲ್ಲ. ಅದೇ ಫೈಲ್ ಪೆನ್ ಡ್ರೈವ್‌ನಲ್ಲಿ ಕೈಗೆ ಕೊಟ್ಟರೆ ವಸ್ತು ಮಾರಿದ ಲೆಕ್ಕ. ಆಗ ಪೆನ್ ಡ್ರೈವ್ ಬೆಲೆಗೆ ಮಾತ್ರ ಅಲ್ಲ, ಫೋಟೋ ತೆಗೆದ ಮಜೂರಿಯೂ ಸೇರಿ ಪೂರ್ತಿ ಮೊತ್ತಕ್ಕೆ ಟ್ಯಾಕ್ಸ್ ಬೀಳುತ್ತದೆ. ಕನಿಷ್ಠ ದರ 7.25%. ಅಂದರೆ 145 ಡಾಲರ್. ಊರು ನೋಡಿ ಇನ್ನೂ ಜಾಸ್ತಿ ಆಗಬಹುದು. ಮದುವೆ ಮುಗಿದ ಮೇಲೆ ಯಾವ ಬಾಯಲ್ಲಿ ಕೇಳಲಿ? ಕೈಯಿಂದಲೇ ಕಟ್ಟಿದೆ.

ಈ ನಿಯಮ ಎಲ್ಲ ಕಡೆ ಒಂದೇ ಅಲ್ಲ. ಫೈಲ್‌ಗೂ ಟ್ಯಾಕ್ಸ್ ಹಾಕುವ ರಾಜ್ಯಗಳಿವೆ. ಆರೆಗಾನ್, ಮೊಂಟಾನಾ ಥರದ 5 ರಾಜ್ಯಗಳಲ್ಲಿ ರಾಜ್ಯದ ಸೇಲ್ಸ್ ಟ್ಯಾಕ್ಸೇ ಇಲ್ಲ. ಅದಕ್ಕೇ ಗೆಳೆಯರು ಹೇಳಿದ್ದನ್ನು ನಂಬಿ ಬಿಲ್ ಬರೆಯಬೇಡಿ. ಅವರ ರಾಜ್ಯ ಬೇರೆ ಇರಬಹುದು, ಅಲ್ವಾ? ನಿಮ್ಮ ರಾಜ್ಯದ ಟ್ಯಾಕ್ಸ್ ಇಲಾಖೆಯ ವೆಬ್‌ಸೈಟ್ ನೋಡಿ.

ಇನ್ನೊಂದು ಮಾತು ನನ್ನನ್ನು ತುಂಬಾ ಕಾಡುತ್ತದೆ. ಗಿರಾಕಿ ಕೊಟ್ಟ ಟ್ಯಾಕ್ಸ್ ನಮ್ಮ ಅಕೌಂಟ್‌ಗೆ ಬೀಳುತ್ತದೆ, ಬಾಡಿಗೆಗೋ ಲೆನ್ಸ್ ಕಂತಿಗೋ ಹೋಗಿಬಿಡುತ್ತದೆ. ಅದು ಸರ್ಕಾರದ ದುಡ್ಡು, ನಮ್ಮ ಹತ್ತಿರ ಇಟ್ಟುಕೊಳ್ಳಲು ಕೊಟ್ಟಿದ್ದು. ಅದನ್ನು ಖರ್ಚು ಮಾಡುವುದು ತಪ್ಪು ಅಂತಲೇ ನಾನು ಹೇಳುತ್ತೇನೆ, ಕಷ್ಟ ಎಷ್ಟೇ ಇರಲಿ. ನಾನು ಬೇರೆ ಅಕೌಂಟ್ ಮಾಡಿದ್ದೇನೆ. ದುಡ್ಡು ಬಂದ ದಿನವೇ ಟ್ಯಾಕ್ಸ್ ಪಾಲು ಅಲ್ಲಿಗೆ ಹೋಗುತ್ತದೆ. ಬಿಲ್‌ನಲ್ಲೂ ಬೇರೆ ಸಾಲಲ್ಲಿ ತೋರಿಸುತ್ತೇನೆ, ಮೊದಲ ಫೋನ್ ಮಾತಿನಲ್ಲೇ ಹೇಳಿಬಿಡುತ್ತೇನೆ. "ಕ್ಯಾಶ್ ಕೊಡ್ತೀವಿ, ಬಿಲ್ ಬೇಡ" ಅಂದವರ ಕೆಲಸ ಬಿಟ್ಟಿದ್ದೇನೆ.

ಇನ್ನು ರಿಟರ್ನ್, ಅಂದರೆ ರಾಜ್ಯಕ್ಕೆ ಒಪ್ಪಿಸುವ ಸೇಲ್ಸ್ ಟ್ಯಾಕ್ಸ್ ಲೆಕ್ಕ. ಆ ಅವಧಿಯಲ್ಲಿ ಏನೂ ಮಾರಿಲ್ಲ ಅಂದರೂ, ಈ ಟ್ಯಾಕ್ಸ್ ವಸೂಲಿಗೆ ರಾಜ್ಯ ಕೊಡುವ ಪರ್ಮಿಟ್ ಇದ್ದ ಮೇಲೆ ಸೊನ್ನೆ ಅಂತಾದರೂ ರಿಟರ್ನ್ ಹಾಕಲೇಬೇಕು.

ನಮಗೆ ಅನುಕೂಲವೂ ಒಂದಿದೆ, ಎಷ್ಟೋ ಜನ ಬಳಸುವುದೇ ಇಲ್ಲ. ಗಿರಾಕಿಗೆ ಮಾರಲು ಲ್ಯಾಬ್‌ನಿಂದ ಆಲ್ಬಂ ತರಿಸುತ್ತೀರಲ್ಲ, ಆಗ ಲ್ಯಾಬ್‌ಗೆ ರೀಸೇಲ್ ಸರ್ಟಿಫಿಕೇಟ್, ಅಂದರೆ "ಇದನ್ನು ಮತ್ತೆ ಮಾರೋಕೆ ಕೊಳ್ಳುತ್ತಿದ್ದೇನೆ" ಅನ್ನುವ ಪತ್ರ ಕೊಡಿ. ಅಲ್ಲಿ ಟ್ಯಾಕ್ಸ್ ಕಟ್ಟಬೇಕಾಗಿಲ್ಲ. ಕ್ಯಾಮೆರಾ, ಟ್ರೈಪಾಡ್‌ಗೆ ಮಾತ್ರ ಅದನ್ನು ಕೊಡಬೇಡಿ. ಅವು ನೀವು ಬಳಸುವ ವಸ್ತು, ಮಾರುವ ವಸ್ತು ಅಲ್ಲ.