ಲೊಫೊಟೆನ್‌ಗೆ ಬಂದ ಅಲೆಮಾರಿ

ಮಾರ್ಚ್ ತಿಂಗಳು, ನಾರ್ವೆಯ ಲೊಫೊಟೆನ್ ದ್ವೀಪಗಳು. ಚಿತ್ರ ಅಲುಗಾಡುತ್ತಿದ್ದರೆ ಕ್ಷಮಿಸಿ, ಚಳಿಗೆ ಕೈ ನಿಲ್ಲುತ್ತಿಲ್ಲ. ಆರ್ಕ್ಟಿಕ್ ವೃತ್ತಕ್ಕಿಂತಲೂ ಉತ್ತರದಲ್ಲಿದ್ದೇವೆ, ಗುಡ್ಡದ ತುಂಬ ಹಿಮ. ಆದರೂ ಬಂದರಿನ ನೀರು ಹೆಪ್ಪುಗಟ್ಟಿಲ್ಲ, ನೋಡಿ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಇಲ್ಲಿಯವರೆಗೂ ಬರುತ್ತದೆ.

ಈಗಷ್ಟೇ ದೋಣಿಯಿಂದ ಇಳಿದ ಈ ಮೀನು ಕಾಡ್. ಗದ್ದದ ಕೆಳಗೆ ಒಂಟಿ ಮೀಸೆ ಜೋತಾಡುತ್ತಿದೆಯಲ್ಲ, ಸಮುದ್ರದ ತಳ ತಡವಿ ಆಹಾರ ಹುಡುಕಲು ಅದೇ ಬೆರಳು. ಬೆನ್ನ ಮೇಲೆ ಮೂರು ಈಜುರೆಕ್ಕೆ, ಪಕ್ಕೆಯುದ್ದಕ್ಕೂ ಸೀಮೆಸುಣ್ಣದಲ್ಲಿ ಎಳೆದಂಥ ಗೆರೆ.

ಇಲ್ಲಿಯವರು ಇದನ್ನು ಸ್ಕ್ರೈ ಎನ್ನುತ್ತಾರೆ, ಅಲೆಮಾರಿ ಎಂಬ ಹಳೆಯ ಅರ್ಥದಲ್ಲಿ. ಬ್ಯಾರೆಂಟ್ಸ್ ಸಮುದ್ರದಲ್ಲಿ ಕೇಪೆಲಿನ್ ಎಂಬ ಸಣ್ಣ ಮೀನು ತಿಂದು ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಪ್ರತಿ ಚಳಿಗಾಲ ನೂರಾರು ಕಿಲೋಮೀಟರ್ ಈಜಿ ಬರುತ್ತದೆ. ಬಂದರೂ ಎಲ್ಲೆಂದರಲ್ಲಿ ಮೊಟ್ಟೆಯಿಡುವುದಿಲ್ಲ. ಮೇಲಿನ ತಣ್ಣೀರಿಗೂ ಕೆಳಗಿನ ಬೆಚ್ಚನೆಯ ನೀರಿಗೂ ನಡುವಿನ ಪದರವೇ ಬೇಕು, ಸುಮಾರು 4ರಿಂದ 6 ಡಿಗ್ರಿ. ಇವುಗಳ ಬೆಚ್ಚನೆ ಎಂದರೆ ನಮ್ಮ ಫ್ರಿಜ್ಜಿನ ಒಳಗಿನಷ್ಟು!

ಅಲ್ಲಿ ಗಂಡು ತನ್ನ ಗಾಳಿಚೀಲವನ್ನೇ ಡೊಳ್ಳಿನಂತೆ ಬಡಿದು ಹೆಣ್ಣನ್ನು ಕರೆಯುತ್ತದೆ. ದೊಡ್ಡ ಹೆಣ್ಣು ಹತ್ತಾರು ಲಕ್ಷ ಮೊಟ್ಟೆ ಇಡುತ್ತದೆ, ಒಂದೊಂದೂ ಸಾಸಿವೆ ಕಾಳಿನಷ್ಟು. ಅವು ಮೇಲಕ್ಕೆ ತೇಲಿ ಎರಡು ಮೂರು ವಾರಗಳಲ್ಲಿ ಒಡೆಯುತ್ತವೆ. ತಾಯಿ ಈಜಿ ಬಂದ ದಾರಿಯನ್ನು ಮರಿಗಳು ಕರಾವಳಿ ಪ್ರವಾಹದ ಮೇಲೆ ಪುಕ್ಕಟೆ ಸವಾರಿ ಮಾಡಿ ಕ್ರಮಿಸುತ್ತವೆ. ಬಹುಪಾಲು ಮಾತ್ರ ನಡುದಾರಿಯಲ್ಲೇ ಯಾರದೋ ಹೊಟ್ಟೆ ಸೇರುತ್ತವೆ.

ದೋಣಿಯ ಹಿರಿಯರೊಬ್ಬರು ಒಂದು ತಲೆ ಸೀಳಿ, ಅವರೆಕಾಳಿನಂಥ ಬಿಳಿ ಕಲ್ಲೊಂದನ್ನು ನನ್ನ ಅಂಗೈಗೆ ಹಾಕಿದರು. ಮೀನಿನ ಕಿವಿಯೊಳಗಿನ ಕಲ್ಲು ಇದು. ಮುರಿದು ಹಿಡಿದರೆ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಬಳೆ. ನಾನು ಎಂಟು ಎಣಿಸಿದೆ, ಅವರು ಒಂಬತ್ತು ಎಂದರು. ವಾದಿಸಲಿಲ್ಲ.

ಆಚೆ ಮರದ ಚಪ್ಪರಗಳಲ್ಲಿ ಮೀನುಗಳನ್ನು ಬಾಲಕ್ಕೆ ಬಾಲ ಕಟ್ಟಿ ನೇತುಹಾಕಿದ್ದಾರೆ. ನಮ್ಮ ಕರಾವಳಿಯಲ್ಲಿ ಒಣಮೀನಿಗೆ ಉಪ್ಪು, ಬಿಸಿಲು ಎರಡೂ ಬೇಕು. ಇಲ್ಲಿ ಉಪ್ಪಿನ ಹರಳೂ ಇಲ್ಲ, ಬರೀ ತಣ್ಣನೆಯ ಗಾಳಿ. ವಾಸನೆ ಮಾತ್ರ ನಮ್ಮದೇ! ತಲೆಗಳಿಗೆ ಬೇರೆ ಸಾಲು, ಒಣಗಿದ ಮೇಲೆ ನೈಜೀರಿಯಾದ ಅಡುಗೆಮನೆಗಳಿಗೆ ಪಯಣ. ನನಗಾಗಿ ಸೀಳಿದ ತಲೆಗೆ ಆ ಸಾಲಿನಲ್ಲಿ ಜಾಗ ಸಿಗಲಿಲ್ಲ. ಅದನ್ನು ಕಡಲಹಕ್ಕಿಯೊಂದು ಎತ್ತಿಕೊಂಡು ಹೋಯಿತು.