ಕೊಲ್ಲುವ ಮೊದಲು ಕೇಳಿದ ಕಾಲಾವಕಾಶ

ಕೇಳುಗರಿಗೆ ನಮಸ್ಕಾರ.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ ಮೊರಟೋರಿಯಂ ಕೊಟ್ಟಿತು. ಅಲ್ಲಿಂದೀಚೆಗೆ ಈ ಪದಕ್ಕೆ ನಮ್ಮಲ್ಲಿ ಯಾರೂ ಅರ್ಥ ಕೇಳುವುದಿಲ್ಲ. ಸಾಲ ಮನ್ನಾ ಆಗಿರಲಿಲ್ಲ, ಕಂತು ಮಾತ್ರ ಮುಂದಕ್ಕೆ ಹೋಗಿತ್ತು. ಅಮೆರಿಕದ ರಾಜ್ಯಗಳಲ್ಲಿ ಇದೇ ಪದ ಮರಣದಂಡನೆಯ ಚರ್ಚೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಶಿಕ್ಷೆಯನ್ನು ಕಾನೂನಿನಿಂದ ತೆಗೆದುಹಾಕುವುದಿಲ್ಲ, ಯಾರನ್ನೂ ಬಿಡುಗಡೆ ಮಾಡುವುದಿಲ್ಲ. ಇಂತಿಷ್ಟು ಕಾಲ ಯಾರ ಪ್ರಾಣವನ್ನೂ ತೆಗೆಯದೆ, ಈ ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆಯೇ ಎಂದು ಪರಿಶೀಲಿಸೋಣ ಎಂಬುದಷ್ಟೇ ಅದರ ತಾತ್ಪರ್ಯ. ಇಷ್ಟು ಮಿತವಾದ ಬೇಡಿಕೆಗೆ ಅಲ್ಲಿನ ಶಾಸನಸಭೆಗಳಲ್ಲಿ ಏನಾಯಿತು ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಅಮೆರಿಕದಲ್ಲಿ ಅಪರಾಧ ಮತ್ತು ಶಿಕ್ಷೆಯ ಕಾನೂನನ್ನು ಬಹುಮಟ್ಟಿಗೆ ಆಯಾ ರಾಜ್ಯವೇ ಬರೆದುಕೊಳ್ಳುತ್ತದೆ. 1972ರಲ್ಲಿ ಫರ್ಮನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆಗ ಜಾರಿಯಲ್ಲಿದ್ದ ಮರಣದಂಡನೆಯ ಪದ್ಧತಿಯನ್ನು ಅಸಿಂಧುಗೊಳಿಸಿತು. ಒಂದೇ ಬಗೆಯ ಅಪರಾಧ ಮಾಡಿದವರಲ್ಲಿ ಯಾರೋ ಕೆಲವರಿಗೆ ಮಾತ್ರ ಈ ಶಿಕ್ಷೆ ಸಿಗುವುದನ್ನು ನ್ಯಾಯಮೂರ್ತಿ ಪಾಟರ್ ಸ್ಟುವರ್ಟ್ ಸಿಡಿಲು ಬಡಿಯುವುದಕ್ಕೆ ಹೋಲಿಸಿದರು. ರಾಜ್ಯಗಳು ಹೊಸ ಕಾನೂನುಗಳನ್ನು ರಚಿಸಿದವು. 1976ರಲ್ಲಿ ಕೋರ್ಟು ಅವುಗಳಲ್ಲಿ ಕೆಲವನ್ನು ಒಪ್ಪಿತು. 1977ರ ಜನವರಿಯಲ್ಲಿ ಯೂಟಾ ರಾಜ್ಯ ಒಬ್ಬ ಕೈದಿಯನ್ನು ಗುಂಡಿಕ್ಕಿ ಕೊಂದಿತು. ಸಿಡಿಲಿನ ಹೋಲಿಕೆ ಮಾತ್ರ ಹಳತಾಗಲಿಲ್ಲ. 1973ರಿಂದ ಈವರೆಗೆ ಮರಣದಂಡನೆಗೆ ಗುರಿಯಾಗಿದ್ದ ಕನಿಷ್ಠ 200 ಮಂದಿ ಅನಂತರ ದೋಷಮುಕ್ತರಾಗಿದ್ದಾರೆ. 1997ರಲ್ಲಿ ಅಮೆರಿಕದ ವಕೀಲರ ಅತಿ ದೊಡ್ಡ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್, ವಿಚಾರಣೆಯ ನ್ಯಾಯಸಮ್ಮತತೆ ಖಾತ್ರಿಯಾಗುವವರೆಗೆ ಯಾರ ಶಿಕ್ಷೆಯನ್ನೂ ಜಾರಿ ಮಾಡಬಾರದೆಂದು ಗೊತ್ತುವಳಿ ಮಾಡಿತು.

ಈ ತಡೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಇಲಿನಾಯ್ ರಾಜ್ಯದ್ದು. ಶಿಕ್ಷೆ ಮರಳಿ ಜಾರಿಗೆ ಬಂದ ಮೇಲೆ ಅಲ್ಲಿ 12 ಮಂದಿಯ ಪ್ರಾಣ ತೆಗೆಯಲಾಗಿತ್ತು. ಅದೇ ಅವಧಿಯಲ್ಲಿ 13 ಮಂದಿ ತಪ್ಪು ತೀರ್ಪಿನ ಕಾರಣದಿಂದ ಬಿಡುಗಡೆಯಾಗಿದ್ದರು. ಅವರಲ್ಲೊಬ್ಬರಿಗೆ ತಡೆಯಾಜ್ಞೆ ಸಿಕ್ಕಾಗ ಉಳಿದಿದ್ದದ್ದು ಸುಮಾರು ಎರಡು ದಿನ. 2000ದ ಜನವರಿ 31ರಂದು ರಾಜ್ಯ ಸರ್ಕಾರದ ಚುನಾಯಿತ ಮುಖ್ಯಸ್ಥರಾದ ಗವರ್ನರ್ ಜಾರ್ಜ್ ರಯಾನ್ ಎಲ್ಲ ಶಿಕ್ಷೆಗಳ ಜಾರಿಯನ್ನು ನಿಲ್ಲಿಸಿದರು. ಹಿಂದೆ ಶಾಸಕರಾಗಿದ್ದಾಗ ಮರಣದಂಡನೆಯನ್ನು ಮರಳಿ ತರುವ ಮಸೂದೆಗೆ ಮತ ಹಾಕಿದ್ದವರು ಅವರೇ. ಅಧಿಕಾರ ಬಿಡುವ ಮುನ್ನ, 2003ರ ಜನವರಿಯಲ್ಲಿ, 167 ಮಂದಿಯ ಶಿಕ್ಷೆಯನ್ನು ಇಳಿಸಿದರು. ಅದು ದಿಟ್ಟ ಕೆಲಸವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ಒಬ್ಬ ವ್ಯಕ್ತಿಯ ಸಹಿಯ ಮೇಲೆ ನಿಂತ ತಡೆ. ಮೇರಿಲ್ಯಾಂಡಿನಲ್ಲಿ ಅಂಥ ಸಹಿಯ ಆಯುಷ್ಯ ಎಷ್ಟೆಂಬುದು ಬೇಗನೆ ತಿಳಿದುಬಂತು. 2002ರ ಮೇ ತಿಂಗಳಲ್ಲಿ ಗವರ್ನರ್ ಗ್ಲೆಂಡೆನಿಂಗ್ ಅವರು ವಿಶ್ವವಿದ್ಯಾಲಯದ ಅಧ್ಯಯನವೊಂದು ಮುಗಿಯುವವರೆಗೆ ಎಂದು ಶಿಕ್ಷೆಗಳನ್ನು ತಡೆದಿದ್ದರು. ಹತನಾದವನು ಬಿಳಿಯನೇ ಎಂಬುದೂ, ಮೊಕದ್ದಮೆ ಯಾವ ಕೌಂಟಿಯದು, ಅಂದರೆ ಯಾವ ಜಿಲ್ಲೆಯದು, ಎಂಬುದೂ ಶಿಕ್ಷೆಯನ್ನು ನಿರ್ಧರಿಸುವುದರಲ್ಲಿ ಪಾಲು ಪಡೆಯುತ್ತಿವೆ ಎಂದು ಆ ಅಧ್ಯಯನ 2003ರ ಜನವರಿಯಲ್ಲಿ ತೋರಿಸಿಕೊಟ್ಟಿತು. ಅದೇ ತಿಂಗಳು ಗವರ್ನರ್ ಬದಲಾದರು, ತಡೆ ಕಳಚಿತು, 2004ರಲ್ಲಿ ಮತ್ತೆ ಒಬ್ಬರ ಪ್ರಾಣ ಹೋಯಿತು. ವರದಿಯನ್ನು ಓದಿ ತೀರ್ಮಾನಿಸಬೇಕಾಗಿದ್ದ ಶಾಸನಸಭೆ ಆ ಶಿಕ್ಷೆಯನ್ನು ತೆಗೆದುಹಾಕಿದ್ದು 2013ರಲ್ಲಿ.

ಆದ್ದರಿಂದ ತಡೆ ಯಾರ ಕೈಯಿಂದ ಬರುತ್ತದೆ ಎಂಬುದು ನನ್ನ ಮಟ್ಟಿಗೆ ಚಿಕ್ಕ ಪ್ರಶ್ನೆಯಲ್ಲ. ಕಾನೂನು ಬರೆದವರೇ ಅದನ್ನು ಕೆಳಗಿಟ್ಟು ಮತ್ತೊಮ್ಮೆ ನೋಡುವುದಕ್ಕೂ, ಅದನ್ನು ಜಾರಿಗೊಳಿಸಬೇಕಾದವರು ಕೈ ಹಿಂತೆಗೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಶಾಸನಸಭೆಯೊಂದು ಈ ಕೆಲಸಕ್ಕೆ ಮೊದಲು ಕೈ ಹಾಕಿದ್ದು ನೆಬ್ರಾಸ್ಕಾದಲ್ಲಿ, 1999ರಲ್ಲಿ. ಅಮೆರಿಕದಲ್ಲಿ ಒಂದೇ ಸದನವಿರುವ ರಾಜ್ಯ ಅದೊಂದೇ. 49 ಸದಸ್ಯರು, ಅವರ ಆಯ್ಕೆಯಲ್ಲಿ ಪಕ್ಷದ ಚಿಹ್ನೆಯಿಲ್ಲ. ಒಮಾಹಾ ನಗರದ ಸದಸ್ಯ ಅರ್ನಿ ಚೇಂಬರ್ಸ್ 1970ರ ದಶಕದಿಂದಲೇ ಅಲ್ಲಿ ಮರಣದಂಡನೆಯ ವಿರುದ್ಧ ಮಸೂದೆಯ ಮೇಲೆ ಮಸೂದೆ ತರುತ್ತಿದ್ದರು. 1979ರಲ್ಲಿ ಸದನ ರದ್ದತಿಗೆ ಒಪ್ಪಿತ್ತು, ಗವರ್ನರ್ ವೀಟೊ ಹಾಕಿ ಅದನ್ನು ತಳ್ಳಿಹಾಕಿದ್ದರು. ಇಪ್ಪತ್ತು ವರ್ಷಗಳ ಬಳಿಕ ಸದನ ಕೇಳಿದ್ದು ಅದಕ್ಕಿಂತ ಕಡಿಮೆಯನ್ನು: ಎರಡು ವರ್ಷಗಳ ತಡೆ, ಜೊತೆಗೆ ಒಂದು ಅಧ್ಯಯನ. ಬಹುಮತ ದೊರೆಯಿತು. ಗವರ್ನರ್ ಮೈಕ್ ಜೊಹಾನ್ಸ್ ಅದಕ್ಕೂ ವೀಟೊ ಹಾಕಿದರು. ವೀಟೊ ಮೀರಲು ಬೇಕಾದ 30 ಮತಗಳು ತಡೆಗೆ ಇರಲಿಲ್ಲ. ಆದರೆ ಅಧ್ಯಯನದ ಹಣಕ್ಕೆ ಬಿದ್ದ ವೀಟೊವನ್ನು ಸದಸ್ಯರು ಮೀರಿದರು. ಕೊಲ್ಲುವುದನ್ನು ನಿಲ್ಲಿಸಲು ಒಪ್ಪದಿದ್ದವರಲ್ಲಿಯೂ ಅನೇಕರು ನೋಡುವುದಕ್ಕೆ ಒಪ್ಪಿದರು. ಇದನ್ನು ನಾನು ಸಣ್ಣ ಗೆಲುವೆಂದು ಎಣಿಸುವುದಿಲ್ಲ. 2001ರಲ್ಲಿ ಬಂದ ಆ ವರದಿಯಲ್ಲಿ ಆರೋಪಿಯ ಬಣ್ಣದಿಂದ ಗಣನೀಯ ತಾರತಮ್ಯವಾಗಿದ್ದು ಕಾಣಿಸಲಿಲ್ಲ. ಕಾಣಿಸಿದ್ದು ಬೇರೆ. ಸತ್ತವರು ಸ್ಥಿತಿವಂತರಾಗಿದ್ದರೆ ಕೊಂದವನಿಗೆ ಮರಣದಂಡನೆ ಕೇಳುವ ಸಂಭವ ಹೆಚ್ಚುತ್ತಿತ್ತು. ಬಡವನ ಹೆಣಕ್ಕೊಂದು ಬೆಲೆ, ಸಾಹುಕಾರನ ಹೆಣಕ್ಕೊಂದು ಬೆಲೆ ಎಂಬ ಈ ಲೆಕ್ಕ ಯಾವ ಕಾನೂನಿನ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ಕಡತಗಳನ್ನು ಒಂದೊಂದಾಗಿ ಬಿಚ್ಚಿ ಜೋಡಿಸಿದ ಮೇಲಷ್ಟೇ ಹೊರಬಿತ್ತು.

ನೆಬ್ರಾಸ್ಕಾದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 2015ರ ಮೇ 27ರಂದು ಸದನ ಗವರ್ನರ್ ಪೀಟ್ ರಿಕೆಟ್ಸ್ ಅವರ ವೀಟೊವನ್ನು 30–19 ಮತಗಳಿಂದ ಮೀರಿ ಮರಣದಂಡನೆಯನ್ನೇ ರದ್ದು ಮಾಡಿತು. ಬೇಕಾಗಿದ್ದದ್ದು ಮೂವತ್ತು, ಬಿದ್ದದ್ದೂ ಮೂವತ್ತು. ಸಂಪ್ರದಾಯವಾದಿಗಳೆನಿಸಿಕೊಂಡ ಹಲವು ಸದಸ್ಯರು ಚೇಂಬರ್ಸ್ ಅವರ ಜೊತೆ ನಿಂತಿದ್ದರು. ಮರುವರ್ಷ ನವೆಂಬರಿನಲ್ಲಿ ಜನಮತಗಣನೆ ನಡೆಯಿತು. ಸುಮಾರು ನೂರಕ್ಕೆ 61ರಷ್ಟು ಮತದಾರರು ಶಿಕ್ಷೆ ಮರಳಬೇಕೆಂದರು. 2018ರ ಆಗಸ್ಟ್‌ನಲ್ಲಿ, 21 ವರ್ಷಗಳ ಬಳಿಕ, ಆ ರಾಜ್ಯ ಮತ್ತೆ ಒಬ್ಬ ಕೈದಿಯನ್ನು ಕೊಂದಿತು. ಸದಸ್ಯರು ಹಲವು ವರ್ಷ ಸಾಕ್ಷ್ಯ ಕೇಳಿ, ವಾದಿಸಿ, ಮನಸ್ಸು ಬದಲಿಸಿಕೊಂಡಿದ್ದರು. ಆ ಹಾದಿಯಲ್ಲಿ ಮತದಾರರನ್ನು ಕರೆದುಕೊಂಡು ಹೋಗಿರಲಿಲ್ಲ ಎಂದು ನನಗೆ ಅನಿಸುತ್ತದೆ.

ನ್ಯೂಜೆರ್ಸಿಯ ದಾರಿ ಬೇರೆ, ನನ್ನ ಗಮನ ಹೆಚ್ಚು ನಿಲ್ಲುವುದೂ ಅಲ್ಲಿಯೇ. ಆ ರಾಜ್ಯ 1982ರಲ್ಲಿ ಮರಣದಂಡನೆಯನ್ನು ಮರಳಿ ತಂದಿತ್ತು. ಆದರೆ 1963ರ ನಂತರ ಅಲ್ಲಿ ಯಾರ ಪ್ರಾಣವನ್ನೂ ತೆಗೆದಿರಲಿಲ್ಲ. ಶಿಕ್ಷೆಯಾದವರು ಜೈಲಿನಲ್ಲಿ, ಹತರಾದವರ ಮನೆಯವರು ಕೋರ್ಟಿನ ಅಂಗಳದಲ್ಲಿ ವರ್ಷಗಟ್ಟಲೆ ಕಾಯುತ್ತಿದ್ದರು. ಎರಡೂ ಸದನಗಳು ಒಪ್ಪಿದ ತಡೆಯ ಮಸೂದೆಗೆ 2006ರ ಜನವರಿ 12ರಂದು ಹಂಗಾಮಿ ಗವರ್ನರ್ ರಿಚರ್ಡ್ ಕೋಡಿ ಸಹಿ ಹಾಕಿದರು. ಶಾಸನದ ಮೂಲಕವೇ ಮರಣದಂಡನೆಗೆ ತಡೆ ತಂದ ಮೊದಲ ರಾಜ್ಯ ಅದಾಯಿತು. ಆ ಕಾನೂನಿನ ಹೆಣಿಗೆಯನ್ನು ಗಮನಿಸಬೇಕು: 13 ಮಂದಿಯ ಆಯೋಗವೊಂದು ಅಧ್ಯಯನ ನಡೆಸಬೇಕು, ಅದರ ವರದಿ ಬಂದು 60 ದಿನ ಕಳೆಯುವವರೆಗೆ ಯಾವ ಶಿಕ್ಷೆಯೂ ಜಾರಿಯಾಗಕೂಡದು. ಓದುವ ಕೆಲಸ ಮುಗಿಯುವ ಮುನ್ನ ಕೊಲ್ಲುವ ಕೆಲಸ ನಡೆಯದಂತೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರು. ಆಯೋಗದಲ್ಲಿ ಸರ್ಕಾರಿ ವಕೀಲರಿದ್ದರು, ಪೊಲೀಸ್ ಅಧಿಕಾರಿಯಿದ್ದರು, ಧರ್ಮಗುರುವಿದ್ದರು, ಕೊಲೆಗೀಡಾದವರ ಕುಟುಂಬದ ಪರವಾದವರೂ ಇದ್ದರು. ಕುಟುಂಬದವರ ಅಹವಾಲನ್ನು ಬಹಿರಂಗ ಸಭೆಗಳಲ್ಲಿ ಕೇಳಲಾಯಿತು. ಕೆಲವರು ಶಿಕ್ಷೆ ಆಗಲೇಬೇಕೆಂದರು. ಇನ್ನು ಕೆಲವರು, ಮೇಲ್ಮನವಿಯಿಂದ ಮೇಲ್ಮನವಿಗೆ ಗಾಯ ಕೆದಕಿಸಿಕೊಳ್ಳುವುದು ತಮಗೆ ಸಾಕಾಗಿದೆ ಎಂದರು. ತಡೆ ಎಂದರೆ ನೊಂದವರಿಗೆ ಮಾಡುವ ದ್ರೋಹ ಎಂಬ ಆಕ್ಷೇಪಕ್ಕೆ ನಾನು ಕಿವಿಗೊಡುತ್ತೇನೆ, ಅದರಲ್ಲಿ ಸಂಕಟವಿದೆ; ಆದರೆ ನೊಂದವರೆಲ್ಲರೂ ಒಂದೇ ಮಾತು ಆಡುವುದಿಲ್ಲ ಎಂಬುದಕ್ಕೆ ಆ ಸಭೆಗಳೇ ಸಾಕ್ಷಿ.

2007ರ ಜನವರಿ 2ರಂದು ಬಂದ ವರದಿ ಶಿಕ್ಷೆಯನ್ನು ರದ್ದುಪಡಿಸಲು ಶಿಫಾರಸು ಮಾಡಿತು. ಜನಾಂಗೀಯ ತಾರತಮ್ಯ ನಡೆದಿದೆಯೆನ್ನಲು ಸಿಕ್ಕ ಅಂಕಿಅಂಶ ಸಾಲದು ಎಂದು ಆಯೋಗ ಪ್ರಾಮಾಣಿಕವಾಗಿ ಬರೆಯಿತು. ಆದರೆ ಜೀವಾವಧಿ ಸೆರೆಗಿಂತ ಈ ಶಿಕ್ಷೆಗೆ ಖರ್ಚು ಹೆಚ್ಚು, ಇದರಿಂದ ಅಪರಾಧ ಶಿಕ್ಷೆಯ ಯಾವ ಉದ್ದೇಶವೂ ಈಡೇರುತ್ತದೆಯೆನ್ನಲು ಬಲವಾದ ಆಧಾರವಿಲ್ಲ, ನಿರಪರಾಧಿ ಸಾಯಬಹುದಾದ ಅಪಾಯಕ್ಕೆ ತಕ್ಕ ಪ್ರಯೋಜನವಿಲ್ಲ ಎಂದಿತು. ಒಬ್ಬ ಸದಸ್ಯರು ಮಾತ್ರ ಒಪ್ಪಲಿಲ್ಲ. ಅವರು 1982ರ ಕಾನೂನನ್ನು ರೂಪಿಸಿದ್ದ ಜಾನ್ ರೂಸೊ. ಅವರನ್ನು ಹೊರಗಿಡದೆ ಆಯೋಗದಲ್ಲಿ ಕೂರಿಸಿ, ಅವರ ಭಿನ್ನಮತವನ್ನೂ ವರದಿಯಲ್ಲಿ ಅಚ್ಚುಹಾಕಿದ್ದು ನನಗೆ ಮೆಚ್ಚುಗೆಯಾದ ಸಂಗತಿ. ಡಿಸೆಂಬರಿನಲ್ಲಿ ಸೆನೆಟ್ 21–16ರಿಂದಲೂ, ಅಸೆಂಬ್ಲಿ 44–36ರಿಂದಲೂ ರದ್ದತಿಗೆ ಒಪ್ಪಿದವು. 17ನೆಯ ತಾರೀಖು ಗವರ್ನರ್ ಜಾನ್ ಕಾರ್ಜೈನ್ ಸಹಿ ಹಾಕಿದರು.

ಎಲ್ಲ ಕಡೆಯೂ ಹೀಗಾಗಲಿಲ್ಲ. ಉತ್ತರ ಕೆರೊಲಿನಾದಲ್ಲಿ 2003ರಲ್ಲಿ ಸೆನೆಟ್ ಎರಡು ವರ್ಷಗಳ ತಡೆಗೆ ಒಪ್ಪಿತು, ಕೆಳಸದನದಲ್ಲಿ ಅದು ನಿಂತುಹೋಯಿತು. ಒಕ್ಲಹೋಮಾದಲ್ಲಿ ವಿಷದ ಚುಚ್ಚುಮದ್ದು 2014ರಲ್ಲಿ ಭೀಕರವಾಗಿ ಕೆಟ್ಟುಹೋಯಿತು, 2015ರಲ್ಲಿ ಬೇರೆಯದೇ ಔಷಧ ಬಳಕೆಯಾಗಿಹೋಯಿತು, ಶಿಕ್ಷೆಗಳ ಜಾರಿ ನಿಂತಿತು. ಮಾಜಿ ಗವರ್ನರ್ ಒಬ್ಬರ ನೇತೃತ್ವದ ಸ್ವತಂತ್ರ ಆಯೋಗ 2017ರಲ್ಲಿ ತಡೆಯನ್ನು ಮುಂದುವರಿಸಲು ಒಮ್ಮತದಿಂದ ಹೇಳಿದರೂ 2021ರಲ್ಲಿ ಶಿಕ್ಷೆಗಳು ಪುನಃ ಆರಂಭವಾದವು.

ನ್ಯೂಜೆರ್ಸಿಯಲ್ಲಿ ಸಹಿ ಬಿದ್ದ ಮರುದಿನವೇ, 2007ರ ಡಿಸೆಂಬರ್ 18ರಂದು, ವಿಶ್ವಸಂಸ್ಥೆಯ ಮಹಾಸಭೆ ಜಗತ್ತಿನಾದ್ಯಂತ ಮರಣದಂಡನೆಗೆ ತಡೆ ಕೋರುವ ನಿರ್ಣಯವನ್ನು ಅಂಗೀಕರಿಸಿತು. ಅದರ ವಿರುದ್ಧ ಮತ ಹಾಕಿದ ದೇಶಗಳಲ್ಲಿ ಅಮೆರಿಕವೂ ಇತ್ತು, ಭಾರತವೂ ಇತ್ತು. ನಮ್ಮಲ್ಲಿ ಅಪರಾಧ ಕಾನೂನು, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯದ ಸದನ ಕೇಂದ್ರದ ಕಾನೂನನ್ನು ಮೀರಿ ತಿದ್ದಬೇಕಾದರೆ ರಾಷ್ಟ್ರಪತಿಯ ಒಪ್ಪಿಗೆ ಬೇಕು. ಆ ಕಿರಿದಾದ ಬಾಗಿಲನ್ನು ನಮ್ಮ ರಾಜ್ಯಗಳು ತಟ್ಟಿದ್ದು ಹೆಚ್ಚಾಗಿ ಇನ್ನೊಂದು ದಿಕ್ಕಿನಿಂದ: 2019ರ ಆಂಧ್ರದ ದಿಶಾ ಮಸೂದೆ, 2020ರ ಮಹಾರಾಷ್ಟ್ರದ ಶಕ್ತಿ ಮಸೂದೆ, 2024ರ ಪಶ್ಚಿಮ ಬಂಗಾಳದ ಅಪರಾಜಿತಾ ಮಸೂದೆ, ಮೂರೂ ಅತ್ಯಾಚಾರದ ಪ್ರಕರಣಗಳಲ್ಲಿ ಮರಣದಂಡನೆಯನ್ನು ವಿಸ್ತರಿಸಿ ವಿಚಾರಣೆಯನ್ನು ಬೇಗ ಮುಗಿಸಲು ಹೊರಟವು, ದಿಶಾ ಮಸೂದೆಯ ಪ್ರಕಾರ ಇಡೀ ಪ್ರಕರಣ 21 ದಿನದೊಳಗೆ ಮುಗಿಯಬೇಕಿತ್ತು. ಇದಕ್ಕೆ ವ್ಯತಿರಿಕ್ತವಾಗಿ ತ್ರಿಪುರಾ ವಿಧಾನಸಭೆ 2015ರ ಆಗಸ್ಟ್‌ನಲ್ಲಿ ಶಿಕ್ಷೆಯ ರದ್ದತಿಗೆ ಗೊತ್ತುವಳಿ ಮಾಡಿ ಕೇಂದ್ರವನ್ನು ಕೋರಿತು. ಕರ್ನಾಟಕದವರಿಗೆ ವೀರಪ್ಪನ್ ತಂಡದ ಪಾಲಾರ್ ನೆಲಬಾಂಬ್ ಪ್ರಕರಣ ನೆನಪಿರಬೇಕು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ನಾಲ್ವರ ದಯಾ ಅರ್ಜಿ 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಗಿ, ಸುಪ್ರೀಂ ಕೋರ್ಟು ತಡೆ ನೀಡಿ, 2014ರ ಜನವರಿಯಲ್ಲಿ ಅರ್ಜಿ ಇತ್ಯರ್ಥದ ವಿಳಂಬವನ್ನು ಕಾರಣವಾಗಿಸಿ ಅವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಅಲ್ಲಿ ತಡೆ ಬಂದದ್ದು ಕೋರ್ಟಿನಿಂದ, ಆ ನಾಲ್ವರಿಗಾಗಿ ಮತ್ತು ಅವರಂತೆ ಕಾಯುತ್ತಿದ್ದ ಕೆಲವರಿಗಾಗಿ.

ನಮ್ಮಲ್ಲಿ ಅಧ್ಯಯನವೂ ನಡೆದಿದೆ. ನ್ಯಾಯಮೂರ್ತಿ ಎ. ಪಿ. ಶಾ ಅವರ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 262ನೆಯ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ಮೇಲೆ ಯುದ್ಧ ಸಾರಿದ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಮರಣದಂಡನೆಯನ್ನು ತೆಗೆದುಹಾಕುವಂತೆ ಹೇಳಿತು. ಅಧ್ಯಯನದ ಜೊತೆಗೆ ತಡೆಯನ್ನು ಮಾತ್ರ ಯಾರೂ ಕಟ್ಟಿರಲಿಲ್ಲ. ವರದಿ ಸರ್ಕಾರದ ಕೈಸೇರಿದ್ದು 2015ರ ಆಗಸ್ಟ್ 31ರಂದು. ಅದಕ್ಕೆ ಒಂದು ತಿಂಗಳ ಹಿಂದೆ, ಜುಲೈ 30ರ ಬೆಳಿಗ್ಗೆ, ನಾಗಪುರದ ಜೈಲಿನಲ್ಲಿ ಒಬ್ಬರನ್ನು ಗಲ್ಲಿಗೇರಿಸಲಾಗಿತ್ತು.